ಟ್ಯೂಷನ್ ಪ್ರೋಗ್ರಾಂ ನಿಜವಾಗ್ಲೂ ಕೆಲ್ಸ ಮಾಡ್ತಿದ್ಯಾ? ಚೀಟಿ ಎತ್ತಿ ನೋಡಿ

ಬೆಂಗ್ಳೂರಲ್ಲಿ ಸರ್ಕಾರಿ ಶಾಲೆ ಮಕ್ಳಿಗೆ ಸಂಜೆ ಟ್ಯೂಷನ್ ನಡೆಸೋರು ಬೇಕಾದಷ್ಟು ಜನ ಇದಾರೆ, ಆದ್ರೆ ಬಂದೋರ ಮಾರ್ಕ್ಸು ಬರ್ದೇ ಇರೋರ ಮಾರ್ಕ್ಸು ಪಕ್ಕಪಕ್ಕ ಇಟ್ಟು ನೋಡಿ ಎಷ್ಟು ಇಂಪ್ರೂವ್ ಆಗಿದೆ ಅಂದ್ರೆ ಒಪ್ಪಕ್ಕಾಗಲ್ಲ, ಬರೋರು ಮೊದ್ಲೇ ಓದೋ ಆಸಕ್ತಿ ಇರೋರು ತಾನೇ.

ಹೀಗ್ ಮಾಡಿ. ಯಲಹಂಕ, ಕೆ.ಆರ್. ಪುರ ಕಡೆ ಶಾಲೆಗಳ ಪಟ್ಟಿ ಮಾಡ್ಕೊಂಡು ಎಲ್ಲಾ ಕಡೆ ಒಂದೇ ಟೆಸ್ಟ್ ಕೊಡಿ, ಆಮೇಲೆ ಹೆಡ್ ಮಾಸ್ಟ್ರುಗಳ ಮುಂದೇನೇ ಚೀಟಿ ಎತ್ತಿ, ಅರ್ಧದಷ್ಟು ಶಾಲೆಗಳಿಗೆ ಈ ವರ್ಷ ಟ್ಯೂಷನ್, ಉಳಿದಿದ್ದಕ್ಕೆ ಮುಂದಿನ ವರ್ಷ. ಒಂದೊಂದು ಮಗೂಗೆ ಚೀಟಿ ಎತ್ತಬೇಡಿ, ವರ್ಕ್‌ಶೀಟು ಪಕ್ಕದ್ ಬೆಂಚಿಗೆ ಹೋಗೇ ಹೋಗುತ್ತೆ. ಶಾಲೆ ನಾಲ್ಕೈದೇ ಇದ್ರೆ ಈ ಉಸಾಬರಿನೇ ಬೇಡ, ಬಂದ ರಿಸಲ್ಟು ಅದೃಷ್ಟದ್ದಾ ಟ್ಯೂಷನ್ದಾ ಗೊತ್ತಾಗಲ್ಲ.

ವರ್ಷದ ಕೊನೇಲಿ ಎರಡೂ ಗುಂಪಿನ ಶಾಲೆಗಳಿಗೆ ಮತ್ತೆ ಟೆಸ್ಟ್ ಕೊಟ್ಟು ಹೋಲಿಸಿ ನೋಡಿ, ಆ ಟೆಸ್ಟು ಟ್ಯೂಷನ್ ಮೇಷ್ಟ್ರು ತಗೋಬಾರ್ದು. ಅರ್ಧಕ್ಕೆ ಬಿಟ್ಟ ಮಕ್ಳನ್ನೂ ಹುಡುಕಿ ಲೆಕ್ಕಕ್ಕೆ ಸೇರಿಸಿ, ಕಳ್ಳಾಟ ನಡ್ಯೋದೇ ಇಲ್ಲಿ.

ಇನ್ನೂ ಚೆನ್ನಾಗ್ ಮಾಡ್ಬೇಕಾ, ಟ್ಯೂಷನ್ ಜೊತೆ ಇನ್ನೇನಾದ್ರೂ ಕೊಡೋ ಮೂರನೇ ಗುಂಪು ಇಡಿ. ರಾಜಸ್ಥಾನದ ಉದಯಪುರದ ಕಡೆ ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೊ ಅವ್ರ ತಂಡ ಮಕ್ಳ ಲಸಿಕೆ ವಿಷ್ಯದಲ್ಲಿ ಹಂಗೇ ಮಾಡಿದ್ದು: ಹೊಸದೇನೂ ಮಾಡ್ದೇ ಇದ್ದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಆಗಿದ್ದು 6% ಮಕ್ಳಿಗೆ, ಬರೀ ಲಸಿಕೆ ಕ್ಯಾಂಪ್ ಇದ್ದಲ್ಲಿ 18%, ಕ್ಯಾಂಪ್ ಜೊತೆ ಪ್ರತಿ ಸಲ ಒಂದು ಕೆಜಿ ಬೇಳೆ, ಪೂರ್ತಿ ಮುಗಿಸಿದ್ರೆ ತಟ್ಟೆ ಕೊಟ್ಟಲ್ಲಿ 39%. ನಿಮ್ಮಲ್ಲಿ ಆ ಬೇಳೆ-ತಟ್ಟೆ ಜಾಗದಲ್ಲಿ ಟ್ಯೂಷನ್ ಜೊತೆ ಸಂಜೆ ತಿಂಡಿ ಇರ್ಬೋದು.