ಎಂಬಿಎಗೆ ಅರ್ಜಿ ಹಾಕುವ ವರ್ಷವನ್ನು ನಾನು ಆರಿಸಿದ್ದು ಹೀಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಎರಕದ ಭಾಗ (ಕಾಸ್ಟಿಂಗ್) ಮಾಡುವ ಕಾರ್ಖಾನೆಗಳಲ್ಲಿ, ಕೆಲಸ ಮಾಡುವ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಮೇಡಂ, ಎಂಬಿಎ ಯಾವಾಗ ಮಾಡೂದು ಚಲೋ?" ಯಾವ ಕಾಲೇಜು, ಯಾವ ಪರೀಕ್ಷೆ ಅನ್ನುವುದನ್ನು ಒಂದು ಸಂಜೆ ಕೂತು ಹುಡುಕಿದರೆ ತಿಳಿಯುತ್ತೆ. ಯಾವಾಗ ಅನ್ನುವುದು ಹಾಗಲ್ಲ. ಅದಕ್ಕೆ ಉತ್ತರ ನಮ್ಮ ಕೆಲಸದಲ್ಲಿರುತ್ತೆ, ಮನೆಯಲ್ಲಿರುತ್ತೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುತ್ತೆ.

ನಾನು ಎಂಜಿನಿಯರಿಂಗ್ ಮುಗಿಸಿ ಇಲ್ಲೇ ಒಂದು ಫೌಂಡ್ರಿಯ ಕ್ವಾಲಿಟಿ ವಿಭಾಗ ಸೇರಿದವಳು. ಎಂಟೊಂಬತ್ತು ವರ್ಷ ದುಡಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಐಐಎಂನಲ್ಲಿ ಒಂದು ವರ್ಷದ ಎಂಬಿಎ ಕೋರ್ಸ್ ಸೇರಿದೆ. ಮುಗಿಸಿ ಈಗ ಮತ್ತೆ ಬೆಳಗಾವಿಯಲ್ಲೇ ಇದ್ದೇನೆ.

ಅರ್ಜಿ ಹಾಕುವ ಆಸೆ ಮೊದಲು ಬಂದದ್ದು ನಾಲ್ಕನೇ ವರ್ಷದಲ್ಲಿ. ಆಗಿನ ಕಾರಣ ಬೇಸರ. ಅದು ಮಳೆಗಾಲ. ಬೆಳಗಾವಿಯ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಗಾಳಿಯ ತೇವ ಕೋರ್‌ಗಳಿಗೆ, ಅಂದರೆ ಕಾಸ್ಟಿಂಗ್‌ನಲ್ಲಿ ಟೊಳ್ಳು ಮೂಡಲು ಅಚ್ಚಿನೊಳಗೆ ಇಡುವ ಮರಳಿನ ಗಟ್ಟಿಗಳಿಗೆ, ಸೇರಿಕೊಳ್ಳುತ್ತೆ. ಅವುಗಳ ಮೇಲೆ ಕರಗಿದ ಕಬ್ಬಿಣ ಬಿದ್ದಾಗ ಆವಿ ಎದ್ದು ಕಾಸ್ಟಿಂಗ್ ಒಳಗೇ ಸಿಕ್ಕಿಕೊಳ್ಳುತ್ತೆ. ಹೊರಗೆ ನುಣ್ಣಗೆ ಕಾಣುವ ಪಂಪ್ ಬಾಡಿಯನ್ನು ಮಷಿನ್‌ಗೆ ಹಾಕಿದ ಕೂಡಲೇ ಒಳಗಿನಿಂದ ತೂತು ತೂತಾಗಿ ಬ್ಲೋ ಹೋಲ್ ಕಾಣಿಸುತ್ತೆ. ದಿನಾ ಸಂಜೆ ರಿಜೆಕ್ಷನ್ (ಕೆಟ್ಟುಹೋದ ಮಾಲಿನ) ರಾಶಿಯ ಮುಂದೆ ನಿಂತು ಲೆಕ್ಕ ಬರೆಯುವುದು, ಬೆಳಗ್ಗೆ ಬೈಸಿಕೊಳ್ಳುವುದು. ಇದನ್ನು ಬಿಟ್ಟು ಹೋದರೆ ಸಾಕು ಅನ್ನಿಸಿತ್ತು.

ಆ ವರ್ಷ ನಾನು ಅರ್ಜಿ ಹಾಕಲಿಲ್ಲ. "ನಿಮಗೆ ಈಗಲೇ ಎಂಬಿಎ ಯಾಕೆ ಬೇಕು" ಅಂತ ಬಹಳಷ್ಟು ಬಿ-ಸ್ಕೂಲ್‌ಗಳು, ಅಂದರೆ ಎಂಬಿಎ ಕಾಲೇಜುಗಳು, ಕೇಳುತ್ತವೆ. ನನ್ನ ಹತ್ತಿರ ಇದ್ದ ಉತ್ತರ "ಇಲ್ಲಿ ಸಾಕಾಗಿದೆ" ಅನ್ನುವುದೊಂದೇ. ಕೆಲಸ ಸಾಕಾಗಿದ್ದರೆ ಬೇರೆ ಕೆಲಸ ಹುಡುಕಬೇಕು. ಅದಕ್ಕೆ 30 ಲಕ್ಷ ರೂಪಾಯಿಯ ಕೋರ್ಸ್ ಬೇಕಿಲ್ಲ. ಇದನ್ನು ನಾನು ಇವತ್ತಿಗೂ ಗಟ್ಟಿಯಾಗಿ ಹೇಳುತ್ತೇನೆ.

ಸರಿಯಾದ ಕಾರಣ ಸಿಕ್ಕಿದ್ದು ಮುಂದೆ, ಒಂದು ಮೀಟಿಂಗ್‌ನಲ್ಲಿ. ಮಾಲೀಕರು ಅಚ್ಚುಗಳನ್ನು (ಮೋಲ್ಡ್) ತಾನೇ ಮಾಡುವ ಹೊಸ ಆಟೋಮ್ಯಾಟಿಕ್ ಮೋಲ್ಡಿಂಗ್ ಲೈನ್ ಹಾಕುವ ಯೋಚನೆಯಲ್ಲಿದ್ದರು. ಸಾಲ ಕೊಡುವ ಬ್ಯಾಂಕಿನವರು ಬಂದಿದ್ದರು. ಗಂಟೆಗೆ ಎಷ್ಟು ಮೋಲ್ಡ್ ಬರುತ್ತೆ, ರಿಜೆಕ್ಷನ್ ಎಷ್ಟು ಇಳಿಯಬಹುದು, ಎಷ್ಟು ಟನ್ ಜಾಸ್ತಿ ಕಳಿಸಬಹುದು, ಎಲ್ಲ ನಾನೇ ಹೇಳಿದೆ. ಆಮೇಲೆ ಬ್ಯಾಂಕಿನವರು ಕೇಳಿದರು: "ಮಾರಾಟ ಒಂದೂವರೆ ಪಟ್ಟು ಆದರೆ ನಿಮಗೆ ಇನ್ನೆಷ್ಟು ವರ್ಕಿಂಗ್ ಕ್ಯಾಪಿಟಲ್ ಬೇಕಾಗುತ್ತೆ?" ವರ್ಕಿಂಗ್ ಕ್ಯಾಪಿಟಲ್ ಅಂದರೆ ದಿನದಿನದ ವ್ಯವಹಾರ ನಡೆಸಲು ಕೈಯಲ್ಲಿ ಬೇಕಾಗುವ ದುಡ್ಡು. ನಾನು ಸುಮ್ಮನೆ ಕೂತೆ. ಮಾಲು ಜಾಸ್ತಿ ಹೋದರೆ ದುಡ್ಡು ಜಾಸ್ತಿ ಬರುತ್ತೆ, ಮತ್ತೇಕೆ ಸಾಲ ಅಂತ ನಾನು ಅಂದುಕೊಂಡಿದ್ದೆ.

ನಮ್ಮ ಅಕೌಂಟ್ಸ್ ನೋಡುತ್ತಿದ್ದ ಹಿರಿಯರನ್ನು ಎಲ್ಲರೂ ಕಾಕಾ ಅಂತಿದ್ದೆವು. ಮಾರನೇ ದಿನ ಅವರ ಹತ್ತಿರ ಹೋಗಿ ಕೂತೆ. ಕಾಕಾ ಲೆಡ್ಜರ್ ತಿರುಗಿಸಿ ತೋರಿಸಿ ಹೇಳಿದರು: "ನೋಡವಾ, ನೀವು ಮಾಲು ಕಳಸ್ತೀರಿ, ನಾ ರೊಕ್ಕ ಹುಡುಕ್ತೇನಿ."

ಲೆಕ್ಕ ಇಷ್ಟೇ. ತಿಂಗಳಿಗೆ 1 ಕೋಟಿ ರೂಪಾಯಿಯ ಕಾಸ್ಟಿಂಗ್ ಕಳಿಸುತ್ತೇವೆ, ಗಿರಾಕಿ 90 ದಿನಕ್ಕೆ ದುಡ್ಡು ಕೊಡುತ್ತಾನೆ ಅಂದುಕೊಳ್ಳಿ. ಯಾವಾಗ ನೋಡಿದರೂ 3 ಕೋಟಿ ಹೊರಗೇ ಇರುತ್ತೆ. ಮಾರಾಟ ಒಂದೂವರೆ ಕೋಟಿ ಆದರೆ ಹೊರಗಿರುವುದು ನಾಲ್ಕೂವರೆ ಕೋಟಿ. ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ಆದರೆ ದೊಡ್ಡ ಗಿರಾಕಿಯ ಮುಂದೆ ಕಾಯ್ದೆ ತೋರಿಸಿ ಕೂತರೆ ಮುಂದಿನ ಆರ್ಡರ್ ಬರಬೇಕಲ್ಲ! ಇತ್ತ ಕರಗಿಸಲು ಪಿಗ್ ಐರನ್ (ಕಚ್ಚಾ ಕಬ್ಬಿಣ), ಸ್ಕ್ರ್ಯಾಪ್ ಕೊಡುವವರು ಕಾಯುವುದಿಲ್ಲ. ಫರ್ನೇಸ್‌ನ ಕರೆಂಟ್ ಬಿಲ್ ತಿಂಗಳು ತಪ್ಪುವುದಿಲ್ಲ. ಶನಿವಾರ ಕಾಂಟ್ರ್ಯಾಕ್ಟ್ ಕೆಲಸಗಾರರ ಪಗಾರ ಆಗಲೇಬೇಕು. ಆರ್ಡರ್ ಬೆಳೆದಷ್ಟೂ ಬ್ಯಾಂಕಿನಿಂದ ಎತ್ತುವ ಓವರ್‌ಡ್ರಾಫ್ಟ್ ಸಾಲ ಬೆಳೆಯುತ್ತೆ. ಚೆನ್ನಾಗಿ ಓಡುತ್ತಿರುವ ಫೌಂಡ್ರಿಯೂ ದುಡ್ಡಿಲ್ಲದೆ ನಿಂತುಹೋಗಬಹುದು ಅನ್ನುವುದು ನನಗೆ ಅವತ್ತು ಅರ್ಥವಾಯಿತು.

ಆದರೂ ತಕ್ಷಣ ಅರ್ಜಿ ಹಾಕಲು ಹೋಗಲಿಲ್ಲ. ಕಾಕಾ ಹತ್ತಿರ ಕಲಿಯುವುದು ಇನ್ನೂ ಬಹಳ ಇತ್ತು, ಅದೂ ಪುಕ್ಕಟೆ. ಮಾಲೀಕರನ್ನು ಕೇಳಿ ಕ್ವಾಲಿಟಿ ಜೊತೆಗೆ ಕಾಸ್ಟಿಂಗ್‌ಗಳ ದರ ಕಟ್ಟುವ ಕೆಲಸವನ್ನೂ ತೆಗೆದುಕೊಂಡೆ. ಒಂದೊಂದು ಪಾರ್ಟ್‌ಗೂ ಕರಗಿಸುವ ಖರ್ಚು, ಸ್ಯಾಂಡ್, ಕೋರ್, ಫೆಟ್ಲಿಂಗ್ (ಕಾಸ್ಟಿಂಗ್‌ನ ಅಂಚು ಉಜ್ಜಿ ಶುಚಿ ಮಾಡುವುದು), ರಿಜೆಕ್ಷನ್ ಸೇರಿಸಿ ನಿಜವಾದ ಖರ್ಚು ಬರೆದೆವು. ವರ್ಷಗಟ್ಟಲೆ ಕಳಿಸುತ್ತಿದ್ದ ಕೆಲವು ಪಾರ್ಟ್‌ಗಳಲ್ಲಿ ನಷ್ಟ ಆಗುತ್ತಿತ್ತು ಅನ್ನುವುದು ಆಗ ಹೊರಬಂತು. ಕೆಲವಕ್ಕೆ ದರ ಏರಿಸಿದೆವು, ಕೆಲವನ್ನು ಬಿಟ್ಟೆವು. ಶುರುವಿನಿಂದ ಕೊನೆಯವರೆಗೆ ನಾನೇ ಹೊತ್ತು ಮುಗಿಸಿದ ಮೊದಲ ಕೆಲಸ ಅದು.

ಅದು ಮುಗಿದ ಮೇಲೆ ಇನ್ನೊಂದು ಥರದ ಪ್ರಶ್ನೆಗಳು ಎದ್ದವು. ನಮ್ಮ ಕಾಸ್ಟಿಂಗ್ ಹೆಚ್ಚಾಗಿ ಟ್ರ್ಯಾಕ್ಟರ್, ಪಂಪ್, ಎಂಜಿನ್‌ಗಳಿಗೆ ಹೋಗುತ್ತೆ. ಬ್ಯಾಟರಿ ಗಾಡಿಗಳು ಜಾಸ್ತಿ ಆದರೆ ಎಂಜಿನ್ ಭಾಗ ಯಾರಿಗೆ ಬೇಕು? ಮುಂದೆ ಇನ್ನೂ ಒಂದು ಲೈನ್‌ಗೆ ಸಾಲ ಮಾಡುವುದೋ, ಮಷಿನಿಂಗ್ (ಕಾಸ್ಟಿಂಗ್ ಕೊರೆದು ಅಳತೆಗೆ ತರುವ ಕೆಲಸ) ಶುರು ಮಾಡಿ ಅದೇ ಕಾಸ್ಟಿಂಗ್‌ಗೆ ಹೆಚ್ಚು ದರ ಪಡೆಯುವುದೋ? ಇವುಗಳಿಗೆ ಕಾಕಾ ಹತ್ತಿರವೂ ಉತ್ತರ ಇರಲಿಲ್ಲ, ಮಾಲೀಕರ ಹತ್ತಿರವೂ ಇರಲಿಲ್ಲ. ಕೈಯಲ್ಲಿ ಮುಗಿಸಿದ ಒಂದು ಕೆಲಸ ಇದೆ, ಇದ್ದ ಜಾಗದಲ್ಲಿ ಉತ್ತರ ಸಿಗದ ಪ್ರಶ್ನೆ ಇದೆ. ಎರಡೂ ಒಟ್ಟಿಗೆ ಇದ್ದ ವರ್ಷ ನಾನು ಅರ್ಜಿ ಹಾಕಿದೆ. ಎರಡರಲ್ಲಿ ಒಂದೇ ಇದ್ದರೆ ಇನ್ನೊಂದು ವರ್ಷ ಕಾಯಿರಿ ಅಂತಲೇ ನಾನು ಹೇಳುವುದು. ಬಡ್ತಿ ಎದುರಿಗಿದ್ದರೂ ಅಷ್ಟೇ. ಬಡ್ತಿ ತೆಗೆದುಕೊಂಡು, ಆ ಹುದ್ದೆಯಲ್ಲಿ ಏನಾದರೂ ಮಾಡಿ ತೋರಿಸಿ ಹೋದರೆ ಅರ್ಜಿಗೆ ಬೇರೆಯೇ ತೂಕ ಬರುತ್ತೆ.

ಕೋರ್ಸ್ ಆರಿಸುವುದು ಅಷ್ಟು ಕಷ್ಟ ಆಗಲಿಲ್ಲ. ಬೆಳಗಾವಿಯಲ್ಲೇ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಬಿಎ ಮಾಡಬಹುದು. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದವರಿಗೆ ಅದು ಒಳ್ಳೆಯ ದಾರಿ. ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ ಬರೆದು ಸೇರುವ ಎರಡು ವರ್ಷದ ಕೋರ್ಸಿನಲ್ಲಿ ಹೆಚ್ಚಿನವರು ಹೊಸಬರು, ಇಲ್ಲವೇ ಎರಡು ಮೂರು ವರ್ಷ ದುಡಿದವರು. ನನಗೆ ಹೊಂದುತ್ತಿದ್ದದ್ದು ಅನುಭವಸ್ಥರ ಒಂದು ವರ್ಷದ ಕೋರ್ಸ್. ಬೆಂಗಳೂರು ಐಐಎಂನ ಇಪಿಜಿಪಿಗೆ, ಅಂದರೆ ನಾನು ಸೇರಿದ ಕೋರ್ಸ್‌ಗೆ, ಕನಿಷ್ಠ 5 ವರ್ಷದ ಅನುಭವ ಬೇಕು. ಅಹಮದಾಬಾದ್ ಐಐಎಂನ ಇಂಥದೇ ಕೋರ್ಸ್ ಪಿಜಿಪಿಎಕ್ಸ್‌ಗೆ 4 ವರ್ಷ. ಹೈದರಾಬಾದಿನ ಐಎಸ್‌ಬಿ ಬಿ-ಸ್ಕೂಲಿನ ಪಿಜಿಪಿಗೆ 2 ವರ್ಷ ಇದ್ದರೂ ನಡೆಯುತ್ತೆ. ಕೆಲಸ ಬಿಡದೆ ಮಾಡುವ ವಾರಾಂತ್ಯದ ಕೋರ್ಸೂ ಬೆಂಗಳೂರು ಐಐಎಂನಲ್ಲಿದೆ, ಪಿಜಿಪಿಇಎಂ ಅಂತ. ಅಲ್ಲಿರುವವರಿಗೆ ಅದು ತುಂಬಾ ಅನುಕೂಲ. ನಮ್ಮೂರಿಂದ ವಾರ ವಾರ ಸುಮಾರು 600 ಕಿಲೋಮೀಟರ್ ರೈಲು ಹತ್ತಿ ಇಳಿದು, ಸೋಮವಾರ ಫೌಂಡ್ರಿಯಲ್ಲಿ ನಿಲ್ಲುವುದು ಎರಡು ವರ್ಷ ನಡೆಯುವ ಮಾತಲ್ಲ.

ಪರೀಕ್ಷೆಯನ್ನು ನಾನು ಅರ್ಜಿಗಿಂತ ಬಹಳ ಮೊದಲೇ ಬರೆದು ಮುಗಿಸಿದ್ದೆ. ಕ್ಯಾಟ್ ವರ್ಷಕ್ಕೊಂದೇ ಸಲ, ನವೆಂಬರ್ ಕೊನೆಯಲ್ಲಿ, ಅಂಕ ನಡೆಯುವುದೂ ಒಂದೇ ವರ್ಷ. ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆ ಜಿಮ್ಯಾಟ್ ನಮಗೆ ಬೇಕಾದ ದಿನ ಬರೆಯಬಹುದು, ಅಂಕ 5 ವರ್ಷ ನಡೆಯುತ್ತೆ. ಅರ್ಜಿ ಈ ವರ್ಷವೋ ಮುಂದಿನ ವರ್ಷವೋ ಅಂತ ಮನಸ್ಸು ಹೊಯ್ದಾಡುತ್ತಿರುವವರಿಗೆ ಜಿಮ್ಯಾಟ್ ಬರೆದಿಡುವುದು ಒಳ್ಳೆಯದು. ಮಳೆಗಾಲದಲ್ಲಿ ನನಗೆ ಓದಲು ಆಗುವುದೇ ಇಲ್ಲ, ಕಾರಣ ಮೇಲೆ ಹೇಳಿದೆ. ಹಾಗಾಗಿ ದೀಪಾವಳಿ ಮುಗಿದ ಮೇಲೆ ಓದು ಶುರು ಮಾಡಿ ಬೇಸಿಗೆಯೊಳಗೆ ಪರೀಕ್ಷೆ ಇಟ್ಟುಕೊಂಡೆ. ನಿಮ್ಮ ಕೆಲಸಕ್ಕೂ ಒಂದು ಹಂಗಾಮು ಇರುತ್ತೆ. ಸಕ್ಕರೆ ಕಾರ್ಖಾನೆಯವರಿಗೆ ಕಬ್ಬು ಅರೆಯುವ ಕಾಲ, ಆಡಿಟರ್‌ಗಳಿಗೆ ಸೆಪ್ಟೆಂಬರ್. ಅದನ್ನು ನೋಡಿ ದಿನ ಇಡಿ. ನಾನು ಬರೆದದ್ದು ಜಿಮ್ಯಾಟ್‌ನ ಹಳೆಯ ಮಾದರಿ. ಈಗಿನದು 2 ಗಂಟೆ 15 ನಿಮಿಷದ್ದು. ಗಣಿತ, ಭಾಷೆ, ಡೇಟಾ ಅಂತ ಮೂರು ಭಾಗ, ಅಂಕ 205ರಿಂದ 805ರವರೆಗೆ. ಕಡಿಮೆ ಬಂದರೆ 16 ದಿನ ಬಿಟ್ಟು ಮತ್ತೆ ಬರೆಯಬಹುದು.

ದುಡ್ಡಿನ ಲೆಕ್ಕವನ್ನು ನಾನೂ ನನ್ನವರೂ ಕೂತು ಬರೆದೆವು. ಫೀಸು 30 ಲಕ್ಷಕ್ಕೂ ಮೇಲೆ. ಅದರ ಮೇಲೆ ಒಂದು ವರ್ಷದ ಸಂಬಳ ಹೋಗುತ್ತೆ. ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರು, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ಬಡ್ಡಿಯ ಮೇಲೆ 8 ವರ್ಷ ವಿನಾಯಿತಿ ಇದೆ. ಇನ್ನೊಂದು ಮಾತು ಗ್ರ್ಯಾಚುಯಿಟಿಯದು, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿನದು. ಒಂದೇ ಕಡೆ 5 ವರ್ಷ ಪೂರ್ತಿ ಮಾಡಿದ ಕಾಯಂ ನೌಕರರಿಗೆ ಅದು ಸಿಗುತ್ತೆ. ಕೊನೆಯ ಮೂಲ ವೇತನ 40,000 ಇದ್ದರೆ 5 ವರ್ಷಕ್ಕೆ ಸುಮಾರು 1,15,000 ರೂಪಾಯಿ. ನಾಲ್ಕೂವರೆ ವರ್ಷಕ್ಕೆ ಅವಸರದಲ್ಲಿ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ.

ಮನೆಯಲ್ಲಿ ವರ್ಷ ಗೊತ್ತು ಮಾಡಿದವರು ನಮ್ಮ ಅತ್ತಿಯವರು. ಮಗಳು ಆಗ ಎಲ್‌ಕೆಜಿಯಲ್ಲಿದ್ದಳು. ಸಂಬಂಧಿಕರು "ಮೂವತ್ತು ದಾಟಿದ ಮ್ಯಾಲ ಎಂಥಾ ಸಾಲಿ" ಅನ್ನುತ್ತಿದ್ದರು. ಅತ್ತಿಯವರು ಬೈಲಹೊಂಗಲದಿಂದ ಬಂದವರು ಒಂದೇ ಮಾತು ಹೇಳಿದರು: "ಹೋಗೂದಾದ್ರ ಈಗ ಹೋಗಿ ಬಾ. ಆಕಿ ಒಂದನೇತ್ತಾ ಹತ್ತೂದ್ರೊಳಗ ಮುಗಸು. ಆಮ್ಯಾಲ ಅಭ್ಯಾಸಕ್ಕ ಆಕೀಗೆ ನೀನ ಬೇಕಾಗ್ತಿ." ಹಾಗೆ ಹೇಳಿ ಆ ಒಂದು ವರ್ಷ ನಮ್ಮಲ್ಲೇ ಉಳಿದರು. ಅವರು ಇಲ್ಲದಿದ್ದರೆ ಮೇಲೆ ಬರೆದ ಯಾವ ಲೆಕ್ಕವೂ ಕೂಡಿಬರುತ್ತಿರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ನಾನು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಗ್ಗೆ ಮನೆಯಲ್ಲಿರುತ್ತಿದ್ದೆ.

ಇನ್ನು ಆಫೀಸಿನಲ್ಲಿ ಯಾವಾಗ ಹೇಳುವುದು? ಅರ್ಜಿಗೆ ಶಿಫಾರಸು ಬೇಕು, ಅದನ್ನು ನಮ್ಮ ಕೆಲಸ ಹತ್ತಿರದಿಂದ ನೋಡಿದವರೇ ಬರೆಯಬೇಕು. ನಾವು ಬರೆದುಕೊಟ್ಟು ಸಹಿ ಹಾಕಿಸುವಂಥದ್ದಲ್ಲ. ಹಾಗಾಗಿ ಮುಚ್ಚಿಡಲು ಆಗುವುದಿಲ್ಲ. ಜುಲೈನಲ್ಲಿ ಒಂದು ಸಂಜೆ, ಎರಡನೇ ಪಾಳಿ ಶುರುವಾದ ಮೇಲೆ, ಮಾಲೀಕರ ಕೋಣೆಗೆ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹೋಗಿ ಬರ್ತೀಯೇನವಾ, ಇಲ್ಲಾ ಹೋಗೇ ಬಿಡ್ತಿ?" ನಾನು ಇದ್ದದ್ದನ್ನೇ ಹೇಳಿದೆ: "ಈಗ ಹೇಳಾಕ ಬರೂದಿಲ್ರೀ ಸರ್. ಆದ್ರ ಹೊಸಾ ಲೈನ್ ಚಾಲೂ ಮಾಡಿಸೇ ಹೋಗ್ತೀನ್ರಿ." ಮೊದಲೇ ಹೇಳಿದ್ದರಿಂದ ನನ್ನ ಜಾಗಕ್ಕೆ ಒಬ್ಬ ಹುಡುಗನನ್ನು ತಯಾರು ಮಾಡಲು ಅವರಿಗೂ ಸಮಯ ಸಿಕ್ಕಿತು. ಮಾಲೀಕರಿಗೆ ಹೇಳಲು ಆಗದಂಥ ಕಡೆ ಇದ್ದರೆ ಹಿಂದಿನ ಕಂಪನಿಯ ಹಿರಿಯರನ್ನೋ ನಿಮ್ಮ ಕೆಲಸ ಬಲ್ಲ ಗಿರಾಕಿಯನ್ನೋ ಕೇಳಿ. ಯಾರನ್ನೇ ಕೇಳಿದರೂ ಒಂದು ತಿಂಗಳಾದರೂ ಮೊದಲು ಕೇಳಿ, ನೀವು ಮಾಡಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ನೆನಪಿಗೆ ಬರೆದುಕೊಡಿ.

ಒಂದು ವರ್ಷದ ಕೋರ್ಸ್‌ಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಅರ್ಜಿಯ ಮೊದಲ ಸುತ್ತು ಅದಕ್ಕೂ ಮೊದಲಿನ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮುಗಿಯುತ್ತೆ. ನಾನು ಹಾಕಿದ್ದು ಮೊದಲ ಸುತ್ತಿನಲ್ಲೇ. ಸೀಟು ಗೊತ್ತಾದ ಮೇಲೆ ಡಿಸೆಂಬರ್ ಕೊನೆಯಲ್ಲಿ ರಾಜೀನಾಮೆ ಕೊಟ್ಟೆ. 90 ದಿನದ ನೋಟಿಸ್ ಮಾರ್ಚ್ ಕೊನೆಗೆ ಸರಿಯಾಗಿ ಮುಗಿಯಿತು. ಆ ಮೂರು ತಿಂಗಳಲ್ಲಿ ಲೈನ್ ಚಾಲೂ ಆಯಿತು, ಬ್ಯಾಂಕಿನ ಸಾಲದ ಕಾಗದಪತ್ರವೂ ಮುಗಿಯಿತು. ಕೊನೆಯ ಸುತ್ತಿಗೆ ಕಾದು ಫೆಬ್ರುವರಿಯಲ್ಲಿ ಸೀಟು ಸಿಕ್ಕವರು ನೋಟಿಸ್ ಪೂರ್ತಿ ಮಾಡಲಾಗದೆ ಅದರ ಬದಲು ಸಂಬಳದ ಹಣ ಕಟ್ಟಿ ಬಂದಿದ್ದನ್ನು ಕ್ಲಾಸಿನಲ್ಲೇ ನೋಡಿದೆ. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನೋಟಿಸ್ ಎಷ್ಟು ದಿನ ಅಂತ ಮೊದಲು ನೋಡಿ. 90 ದಿನ ಇದ್ದರೆ ಮೊದಲ ಎರಡು ಸುತ್ತಿನ ಆಚೆ ಹೋಗಬೇಡಿ.