ಐಸೊಟೋಪ್ ಪೆಟ್ಟಿಗೆ ಬಂದಾಗ: ಇಳಿಸಿಕೊಳ್ಳುವುದು, ತೆರೆಯುವುದು, ಮರಳಿ ಕಳಿಸುವುದು ಹೇಗೆ?

ಥೈರಾಯ್ಡ್ ಚಿಕಿತ್ಸೆಗೆ ಬೇಕಾದ, ವಿಕಿರಣ ಸೂಸುವ ಐಸೊಟೋಪ್ ಆದ ಅಯೋಡಿನ್-131 ಮುಂಬೈ ಬಳಿಯ ವಾಶಿಯಲ್ಲಿರುವ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿಯಿಂದ (ಬ್ರಿಟ್) ಹೊರಡುವಾಗ ಎಲ್ಲವೂ ಅಚ್ಚುಕಟ್ಟಾಗಿರುತ್ತದೆ. ಸೀಸದ ಡಬ್ಬಿ, ಅದರ ಸುತ್ತ ಪೆಟ್ಟಿಗೆ, ಮೇಲೆ ಲೇಬಲ್, ಜೊತೆಗೆ ಕಾಗದಪತ್ರ. ಎಡವಟ್ಟು ಶುರುವಾಗುವುದು ಆಸ್ಪತ್ರೆಯ ಗೇಟಿನಲ್ಲಿ. ಸೆಕ್ಯೂರಿಟಿಯವರು ಅದನ್ನು ಮಾಮೂಲಿ ಪಾರ್ಸೆಲ್ ಎಂದುಕೊಂಡು ತಮ್ಮ ಕುರ್ಚಿಯ ಕೆಳಗೇ ಇಟ್ಟುಕೊಂಡಿದ್ದನ್ನು ನೋಡಿದ್ದೇನೆ. ವಾರ್ಡ್ ಬಾಯ್ ಒಬ್ಬರು ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು, ರೋಗಿಗಳಿದ್ದ ಲಿಫ್ಟಿನಲ್ಲೇ ಮೇಲೆ ತಂದದ್ದನ್ನೂ ನೋಡಿದ್ದೇನೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಲೇಖನ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ, ಜೊತೆಗೆ ಆ ಗೇಟಿನಲ್ಲಿ ನಿಲ್ಲುವವರಿಗೆ.

1. ತರಿಸುವ ಮುನ್ನ

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಪರವಾನಗಿ, ಆಸ್ಪತ್ರೆಯಲ್ಲಿ ಮಾನ್ಯತೆ ಪಡೆದ ವಿಕಿರಣ ಸುರಕ್ಷತಾ ಅಧಿಕಾರಿ (ಆರ್‌ಎಸ್‌ಒ), ಕೆಲಸ ಮಾಡುವವರ ಎದೆಯ ಮೇಲೆ ಮೈಗೆ ಬಿದ್ದ ವಿಕಿರಣ ದಾಖಲಿಸುವ ಟಿಎಲ್‌ಡಿ ಬ್ಯಾಡ್ಜ್. ಇವಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಬೇಡ.

2. ವಾಹನ

ಪೆಟ್ಟಿಗೆ ಚಾಲಕನಿಂದ ಆದಷ್ಟು ದೂರ, ಹಿಂಬದಿಯಲ್ಲಿ, ಜರುಗದಂತೆ ಬಿಗಿದು ಕಟ್ಟಿರಬೇಕು. ಹಳದಿ ಲೇಬಲ್ಲಿನ ಪೆಟ್ಟಿಗೆ ಇರುವ ವಾಹನದಲ್ಲಿ ಚಾಲಕ ಮತ್ತು ಸಹಾಯಕ ಬಿಟ್ಟು ಮತ್ತಾರೂ ಕೂರುವಂತಿಲ್ಲ. ವಾಹನದ ಎರಡು ಪಕ್ಕ ಮತ್ತು ಹಿಂದೆ ಎಚ್ಚರಿಕೆ ಫಲಕ ಇರಬೇಕು. ಆಟೊ, ಬಸ್ಸು, ‘ಹೇಗೂ ಆ ಕಡೆಗೇ ಹೋಗ್ತಿದ್ದೀನಿ’ ಎನ್ನುವವರ ಕಾರು, ಯಾವುದೂ ಬೇಡ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೂ ವಾಹನದ ಬಳಿ ಒಬ್ಬರು ಇರಲೇಬೇಕು.

3. ಲೇಬಲ್ ಓದಿ, ಆಮೇಲೆ ವಿಕಿರಣ ಅಳೆಯುವ ಮೀಟರ್ ಹಿಡಿಯಿರಿ

ಲೇಬಲ್ಲಿನಲ್ಲಿ ಕೆಂಪು ಪಟ್ಟೆಗಳನ್ನು ನೋಡಿ. ಒಂದು ಪಟ್ಟೆಯ ಬಿಳಿ ಲೇಬಲ್ ಎಂದರೆ ಪೆಟ್ಟಿಗೆಯ ಮೈಮೇಲೆ ವಿಕಿರಣ ಗಂಟೆಗೆ 5 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಮೀರುವುದಿಲ್ಲ. ಹಳದಿಯಲ್ಲಿ ಎರಡು ಪಟ್ಟೆಯಾದರೆ 500ರವರೆಗೆ, ಮೂರು ಪಟ್ಟೆಯಾದರೆ 2000ದವರೆಗೆ. ಕೆಳಗೆ ಐಸೊಟೋಪಿನ ಹೆಸರು, ಬೆಕೆರೆಲ್‌ನಲ್ಲಿ ಅದರ ಪ್ರಮಾಣ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್), ಹಳದಿಯಾದರೆ ಪುಟ್ಟ ಚೌಕದೊಳಗೆ ಒಂದು ಸಂಖ್ಯೆ ಇರುತ್ತದೆ. ಅದೇ ಟ್ರಾನ್ಸ್‌ಪೋರ್ಟ್ ಇಂಡೆಕ್ಸ್, ಎಲ್ಲರೂ ‘ಟಿಐ’ ಎನ್ನುವುದು.

ಟಿಐ ಲೆಕ್ಕ ಸುಲಭ. ಪೆಟ್ಟಿಗೆಯಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮೈಕ್ರೋಸೀವರ್ಟ್ ಬರುತ್ತದೋ ಅದನ್ನು ಹತ್ತರಿಂದ ಭಾಗಿಸಿ. 8 ಬಂದರೆ ಟಿಐ 0.8. ಒಂದು ಮೀಟರನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ. ಅರ್ಧ ಮೀಟರಿನಲ್ಲಿ ನಿಂತರೆ ನಾಲ್ಕು ಪಟ್ಟು ಕಾಣಿಸುತ್ತದೆ. ನೆಲದ ಮೇಲೆ ಬಣ್ಣದ ಟೇಪಿನಲ್ಲಿ ಎರಡು ಗೆರೆ ಅಂಟಿಸಿಬಿಡಿ, ಒಂದು ಪೆಟ್ಟಿಗೆಗೆ, ಇನ್ನೊಂದು ಮೀಟರಿಗೆ.

ನಿಮ್ಮ ಮೀಟರಿನ ಅಂಕಿ ಲೇಬಲ್ಲಿಗಿಂತ ಕಡಿಮೆ ಬಂದರೆ ಗಾಬರಿ ಬೇಡ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯಲು ಬೇಕಾದ ಕಾಲ, 8 ದಿನ, ದಾರಿಯಲ್ಲೇ ಒಂದಷ್ಟು ಕ್ಷಯಿಸಿರುತ್ತದೆ. ಹೆಚ್ಚು ಬಂದರೆ ಮಾತ್ರ ನಿಲ್ಲಿಸಿ. ಒಳಗೆ ಸೀಸದ ಡಬ್ಬಿ ಜರುಗಿರಬಹುದು, ಮುಚ್ಚಳ ಸಡಿಲವಾಗಿರಬಹುದು. ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಆರ್‌ಎಸ್‌ಒಗೆ ಫೋನ್ ಮಾಡಿ.

ಮೀಟರಿನ ಬ್ಯಾಟರಿ ಮೊದಲೇ ಪರೀಕ್ಷಿಸಿ, ಕ್ಯಾಲಿಬ್ರೇಷನ್ ಪತ್ರದ ಅವಧಿ ನೋಡಿ. ಕೋಣೆಯ ಹೊರಗೇ ಮೀಟರ್ ಆನ್ ಮಾಡಿಕೊಂಡು ಒಳಗೆ ಹೋಗಿ, ಏಕೆಂದರೆ ವಿಕಿರಣ ತೀರಾ ಹೆಚ್ಚಿದ್ದ ಕಡೆ ಕೆಲವು ಜಿಎಂ (ಗೈಗರ್-ಮುಲ್ಲರ್) ಮೀಟರ್‌ಗಳು ದಿಕ್ಕೆಟ್ಟು ಸೊನ್ನೆ ತೋರಿಸುತ್ತವೆ. ಮೊಬೈಲ್ ಕ್ಯಾಮೆರಾದಲ್ಲೇ ವಿಕಿರಣ ಅಳೆಯುತ್ತೇವೆ ಎನ್ನುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ಹತ್ತಿರವೂ ಸೇರಿಸಬೇಡಿ.

4. ಒರೆಸಿ ನೋಡುವುದು

ಹೆಚ್ಚು ಜನ ತಪ್ಪುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಮೀಟರ್ ಹೇಳುವುದು ಒಳಗಿನಿಂದ ಎಷ್ಟು ವಿಕಿರಣ ಹೊರಬರುತ್ತಿದೆ ಎಂದು. ಹೊರಮೈಗೆ ಐಸೊಟೋಪೇ ಸೋರಿ ಅಂಟಿಕೊಂಡಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ವಿಕಿರಣದಿಂದ ದೂರ ಸರಿದರೆ ಆಯಿತು. ಅಂಟಿದ್ದು ಕೈಗೆ ಬಂದು, ಕೈಯಿಂದ ಬಾಗಿಲ ಹಿಡಿಗೆ, ಫೋನಿಗೆ, ತಿಂಡಿಯ ತಟ್ಟೆಗೆ ಹೋಗುತ್ತದೆ.

ಎರಡು ಪದರ ಕೈಗವಸು ಹಾಕಿ. ಫಿಲ್ಟರ್ ಕಾಗದವನ್ನು ನೀರಿನಲ್ಲಿ ಸ್ವಲ್ಪ ತೇವ ಮಾಡಿ. ಹಿಂಡಿದರೆ ಹನಿ ಬೀಳಬಾರದು. ಅರ್ಧ ಎ4 ಹಾಳೆಯಷ್ಟು ಜಾಗವನ್ನು, ಅಂದರೆ ಸುಮಾರು 300 ಚದರ ಸೆಂಟಿಮೀಟರನ್ನು, ಹದವಾಗಿ ಒತ್ತಿ ಒರೆಸಿ. ಮುಚ್ಚಳ ಕೂಡುವ ಅಂಚು ಮತ್ತು ತಳ ಬಿಡಬೇಡಿ, ಸೋರಿದ್ದು ಮೊದಲು ಅಲ್ಲೇ ಸೇರುತ್ತದೆ. ಒಂದು ಮೈಗೆ ಒಂದು ಕಾಗದ. ಒಂದನ್ನೇ ಮಡಚಿ ಮಡಚಿ ಎಲ್ಲ ಕಡೆ ಉಜ್ಜಿದರೆ ಎಲ್ಲಿ ಅಂಟಿತ್ತು ಎಂದು ಗೊತ್ತಾಗುವುದಿಲ್ಲ.

ಈಗ ಆ ಕಾಗದವನ್ನು ಪೆಟ್ಟಿಗೆಯ ಪಕ್ಕದಲ್ಲೇ ಎಣಿಸಬೇಡಿ! ಅಲ್ಲಿ ಪೆಟ್ಟಿಗೆಯ ವಿಕಿರಣವೇ ಎಣಿಸುವ ಉಪಕರಣವಾದ ಕೌಂಟರಿನೊಳಗೆ ನುಗ್ಗಿ ಅಂಕಿ ಏರುತ್ತದೆ. ಆಗ ಒಂದೋ ಸುಮ್ಮನೆ ಹೆದರುತ್ತೀರಿ, ಇಲ್ಲವೇ ‘ಯಾವಾಗಲೂ ಹೀಗೇ ತೋರಿಸುತ್ತೆ’ ಎಂದು ನಿಜವಾದ ಸೋರಿಕೆಯನ್ನೂ ಕಡೆಗಣಿಸುತ್ತೀರಿ. ಎರಡನೆಯದೇ ಹೆಚ್ಚು ಅಪಾಯ. ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಇನ್ನೊಂದು ಕೋಣೆಗೆ ಹೋಗಿ. ಮೊದಲು ಒರೆಸದ, ತೇವ ಮಾಡಿದ ಕಾಗದವೊಂದನ್ನು ಎಣಿಸಿ ಹಿನ್ನೆಲೆ (ಸುತ್ತ ಯಾವಾಗಲೂ ಇರುವ ವಿಕಿರಣದ ಎಣಿಕೆ) ಬರೆದುಕೊಳ್ಳಿ. ಆಮೇಲೆ ಒರೆಸಿದ್ದನ್ನು ಎಣಿಸಿ, ಹಿನ್ನೆಲೆ ಕಳೆಯಿರಿ.

ಪೆಟ್ಟಿಗೆಯ ಹೊರಮೈಗೆ ಮಿತಿ ಚದರ ಸೆಂಟಿಮೀಟರಿಗೆ 4 ಬೆಕೆರೆಲ್. 300 ಚದರ ಸೆಂಟಿಮೀಟರಿಗೆ 1200 ಆಯಿತು. ಒರೆಸಿದಾಗ ಇರುವುದರಲ್ಲಿ ಹತ್ತರಲ್ಲೊಂದು ಪಾಲು ಕಾಗದಕ್ಕೆ ಬರುತ್ತದೆ ಎಂದು ಲೆಕ್ಕ ಹಿಡಿಯುವುದು ರೂಢಿ. ಹಾಗಾಗಿ ಕಾಗದದ ಮೇಲೆ 120 ಬೆಕೆರೆಲ್ ಕಂಡರೆ ಮಿತಿ ಮುಟ್ಟಿದ್ದೀರಿ. ಕೌಂಟರಿನ ಕಾರ್ಯಕ್ಷಮತೆ ಶೇ 10 ಇದ್ದರೆ ಅದು ಸೆಕೆಂಡಿಗೆ 12 ಎಣಿಕೆ. ಈ ಅಂಕಿಯನ್ನು ನಿಮ್ಮ ಕೌಂಟರಿಗೆ ತಕ್ಕಂತೆ ಲೆಕ್ಕ ಹಾಕಿ ಗೋಡೆಗೆ ಅಂಟಿಸಿ. ಪೆಟ್ಟಿಗೆ ಮುಂದಿಟ್ಟುಕೊಂಡು ಗುಣಾಕಾರ ಮಾಡುತ್ತ ನಿಂತರೆ ಡೋಸ್ ಏರುತ್ತಲೇ ಇರುತ್ತದೆ.

5. ತೆರೆಯುವುದು

ಅಯೋಡಿನ್ ದ್ರಾವಣದ ಸೀಸೆಯನ್ನು ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ, ಫ್ಯಾನ್ ಓಡುತ್ತಿರುವಾಗ ಮಾತ್ರ ತೆರೆಯಿರಿ. ಅದು ಆವಿಯಾಗುತ್ತದೆ, ಉಸಿರಲ್ಲಿ ಹೋದದ್ದು ನೇರ ನಿಮ್ಮ ಥೈರಾಯ್ಡ್ ಸೇರುತ್ತದೆ. ಸೀಸೆಯನ್ನು ಬೆರಳಲ್ಲಿ ಹಿಡಿಯದೆ ಉದ್ದನೆಯ ಇಕ್ಕಳದಲ್ಲಿ ಹಿಡಿಯಿರಿ.

ಅಯೋಡಿನ್‌ಗೆ ಅರ್ಧ ಮಿಲಿಮೀಟರಿನ ಲೆಡ್ ಏಪ್ರನ್ ಹಾಕಬೇಡಿ ಎಂದೇ ನನ್ನ ಸಲಹೆ. ಅದರ 364 ಕೆಇವಿ ಶಕ್ತಿಯ ಗಾಮಾ ಕಿರಣಕ್ಕೆ ಅಷ್ಟು ತೆಳು ಸೀಸ ಹೆಚ್ಚೇನೂ ಅಡ್ಡಿಯಲ್ಲ, ಭಾರಕ್ಕೆ ನಿಮ್ಮ ಕೈ ನಿಧಾನವಾಗುತ್ತದೆ. ಆ ಹಣವನ್ನು ಒಳ್ಳೆಯ ಇಕ್ಕಳಕ್ಕೆ, ಮೇಜಿನ ಮೇಲಿನ ದಪ್ಪ ಸೀಸದ ಇಟ್ಟಿಗೆಗಳಿಗೆ ಹಾಕಿ.

ಚೆಲ್ಲಿದರೆ ಹೀರುವ ಕಾಗದ ಹಾಕಿ, ಹೊರಗಿನಿಂದ ಒಳಕ್ಕೆ ಒರೆಸಿ. ಬ್ಲೀಚ್ ಅಥವಾ ಬಾತ್‌ರೂಮ್ ಆ್ಯಸಿಡ್ ತಾಗಿಸಲೇಬೇಡಿ, ಅಯೋಡಿನ್ ಇನ್ನಷ್ಟು ಆವಿಯಾಗಿ ಕೋಣೆ ತುಂಬುತ್ತದೆ. ಅಯೋಡಿನ್ ಆವಿಯಾಗದಂತೆ ಹಿಡಿದಿಡುವ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಹತ್ತಿರ ಇಟ್ಟಿರಿ.

6. ಖಾಲಿಯಾದ ಮೇಲೆ

ಅಯೋಡಿನ್ ತ್ಯಾಜ್ಯವನ್ನು ಹತ್ತು ಅರ್ಧಾಯುಷ್ಯ, ಅಂದರೆ 80 ದಿನ, ಬೀಗ ಹಾಕಿದ ಕೋಣೆಯಲ್ಲಿಡಿ. ಸಾವಿರದಲ್ಲೊಂದು ಪಾಲಿಗೂ ಕಡಿಮೆ ಉಳಿದಿರುತ್ತದೆ. ಬಿಡುವ ಮುನ್ನ ಆಗಲೂ ಮೀಟರ್ ಹಿಡಿಯಿರಿ.

ಪೆಟ್ಟಿಗೆಯ ಒಳಗೂ ಹೊರಗೂ ಅಳೆದು, ಒರೆಸಿ ನೋಡಿ, ಆಮೇಲೆ ಪ್ರತಿ ಲೇಬಲ್ಲನ್ನೂ ಕಿತ್ತುಹಾಕಿ ಅಥವಾ ಪೂರ್ತಿ ಮುಚ್ಚಿ. ಖಾಲಿ ಪೆಟ್ಟಿಗೆಗಳು ವಿಕಿರಣದ ಮೂರೆಲೆಯ ಗುರುತು ಹೊತ್ತು ಗುಜರಿಗೆ ಹೋಗುತ್ತಿದ್ದರೆ, ಆ ಗುರುತು ಕಂಡಾಗ ಹೆದರಬೇಕಿಲ್ಲ ಎಂದು ಗುಜರಿಯವರಿಗೆ ನಾವೇ ಕಲಿಸಿದಂತಾಗುತ್ತದೆ. ಮುಂದೊಂದು ದಿನ ನಿಜವಾದದ್ದು ಬಂದಾಗ ಅವರು ಅದನ್ನೂ ಒಡೆಯುತ್ತಾರೆ.

ಸೀಲ್ ಮಾಡಿದ ವಿಕಿರಣ ಮೂಲಗಳನ್ನು, ಅಂದರೆ ರೇಡಿಯೊಥೆರಪಿಯ ಕೋಬಾಲ್ಟ್-60, ಇರಿಡಿಯಂ-192ನ್ನು, ಎಇಆರ್‌ಬಿ ಅನುಮತಿ ಪಡೆದು ಸರಬರಾಜು ಮಾಡಿದವರಿಗೇ ಮರಳಿಸಬೇಕು. ಕೋಬಾಲ್ಟಿನ ಅರ್ಧಾಯುಷ್ಯ 5.27 ವರ್ಷ, ಮೂಲೆಗೆ ತಳ್ಳಿ ಮರೆತರೆ ಅದು ಸಾಯುವುದಿಲ್ಲ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ, ಸ್ಥಳಾಂತರಗೊಂಡ ಚಿಕಿತ್ಸಾಲಯ ಬಿಟ್ಟುಹೋದ ಯಂತ್ರದಿಂದ ಸೀಸಿಯಂ-137 ಗುಜರಿಗೆ ಹೋಯಿತು. 249 ಮಂದಿಗೆ ಅದು ಅಂಟಿತು, ನಾಲ್ವರು ಸತ್ತರು. 2010ರಲ್ಲಿ ದೆಹಲಿಯ ಮಾಯಾಪುರಿಗೆ ಬಂದ ಕೋಬಾಲ್ಟ್-60, ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆಯ ಉಪಕರಣದ್ದು. ಅಲ್ಲೂ ಒಬ್ಬರು ಸತ್ತರು. ಎರಡೂ ಕಡೆ ಉಪಕರಣದ ಹೊಣೆ ಹೊತ್ತವರು ಕೈಬಿಟ್ಟದ್ದರಿಂದಲೇ ಇದಾಯಿತು.

ಆದ್ದರಿಂದ ಮೂಲದ ಕ್ರಮಸಂಖ್ಯೆ, ಇಟ್ಟ ಜಾಗ, ಕಳಿಸಿದ ದಿನಾಂಕ, ತಲುಪಿದ ಬಗ್ಗೆ ಬಂದ ಸ್ವೀಕೃತಿ ಪತ್ರ, ಇಷ್ಟನ್ನೂ ಒಂದೇ ರಿಜಿಸ್ಟರಿನಲ್ಲಿ ಬರೆದಿಡಿ. ಆರ್‌ಎಸ್‌ಒ ಕೆಲಸ ಬಿಟ್ಟು ಹೋಗುವ ದಿನ ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ರಿಜಿಸ್ಟರಿನ ಪ್ರತಿ ಸಾಲಿಗೂ ಮೂಲ ಇಟ್ಟ ಜಾಗಕ್ಕೇ ಹೋಗಿ ಮೀಟರಿನಲ್ಲಿ ತೋರಿಸಿ, ಇಬ್ಬರೂ ಸಹಿ ಹಾಕಬೇಕು.