ಶಾಲೆ ಯಾವುದು ಅಂತ ಗೊತ್ತಿಲ್ಲದೆ ಹೊಸ ಮನೆ ತಗೊಂಡೆ: ವೇಕ್ ಕೌಂಟಿಯಲ್ಲಿ ನನ್ನ ಅನುಭವ

ವೇಕ್ ಕೌಂಟಿ ಅಂದರೆ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಒಂದು ಜಿಲ್ಲೆ, ರಾಲಿ ಇರುವುದು ಇಲ್ಲೇ. ಇಲ್ಲಿನ ಏಪೆಕ್ಸ್, ಕ್ಯಾರಿ, ಮಾರಿಸ್ವಿಲ್, ಹಾಲಿ ಸ್ಪ್ರಿಂಗ್ಸ್ ಕಡೆ ಹೊಸ ಲೇಔಟ್‌ನಲ್ಲಿ ಮನೆ ಬುಕ್ ಮಾಡಬೇಡ, ಶಾಲೆ ಎಲ್ಲಿ ಬೀಳುತ್ತೋ ಹೇಳೋಕಾಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಏಜೆಂಟ್ ಹೇಳಿದರು, ಆಫೀಸಿನವರು ಹೇಳಿದರು, ಭಾವ ಷಾರ್ಲೆಟ್‌ನಿಂದ ಫೋನ್ ಮಾಡಿ ಹೇಳಿದರು. ಆದರೂ ತಗೊಂಡೆ. ಈಗ ಮಗಳು ನಡೆದು ಹೋಗುವಷ್ಟು ಹತ್ತಿರದ ಬೇಸ್ ಶಾಲೆಗೇ, ಅಂದರೆ ನಮ್ಮ ಅಡ್ರೆಸ್ಸಿಗೆ ಗೊತ್ತುಮಾಡಿದ ಶಾಲೆಗೇ, ಹೋಗುತ್ತಿದ್ದಾಳೆ. ನಿನ್ನ ಅದೃಷ್ಟ ಅಂದರು ಕೆಲವರು. ಅದೃಷ್ಟ ಏನಿಲ್ಲ, ಲೆಕ್ಕ ಹಾಕಿ ತಗೊಂಡ ಮನೆ ಇದು.

ಸಾಲದ ಒಪ್ಪಿಗೆ, ಮುಂಗಡ, ಮನೆಯ ಡಿಸೈನ್ ಆರಿಸುವುದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಶಾಲೆ ಮತ್ತು ದುಡ್ಡಿನ ವಿಷಯಕ್ಕೆ ಬರುತ್ತೇನೆ.

ಮೊದಲು ನಾವೂ ಎಲ್ಲರ ಹಾಗೆ ಹಳೇ ಮನೆಗಳ ಹಿಂದೆಯೇ ಬಿದ್ದಿದ್ದೆವು. 2021, 22ರ ಕಾಲ. ನಾರ್ತ್ ಕ್ಯಾರೊಲೈನಾದಲ್ಲಿ ಡ್ಯೂ ಡಿಲಿಜೆನ್ಸ್ ಫೀ ಅನ್ನೋದು ಎಂಥ ಹಿಂಸೆ ಅಂತ ಇಲ್ಲಿ ಮನೆ ಹುಡುಕಿದವರಿಗೆ ಗೊತ್ತು. ಆಫರ್ ಒಪ್ಪಿದ ಕೂಡಲೇ ಮಾಲೀಕರ ಕೈಗೆ ಚೆಕ್. ನಾವು ಹಿಂದೆ ಸರಿದರೆ ಅದು ವಾಪಸ್ ಬರಲ್ಲ. ನಾವು 20 ಸಾವಿರ ಡಾಲರ್ ಬರೆದರೆ ಪಕ್ಕದವರು 40 ಬರೆಯುತ್ತಿದ್ದರು. ಒಂದೂ ಸಿಗಲಿಲ್ಲ.

ಆಮೇಲೆ ಒಂದು ಹೊಸ ಟೌನ್‌ಹೋಮ್ ಬುಕ್ ಮಾಡಿದೆವು. ಬಿಲ್ಡರ್ ಹೆಸರು ಬೇಡ. ಸೇಲ್ಸ್ ಆಫೀಸಿನಲ್ಲಿ ಹೊಳೆಯುವ ಒಂದು ಹಾಳೆ ಕೊಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ ಮೂರು ಶಾಲೆಗಳ ಹೆಸರು, ಒಂದೊಂದರ ಪಕ್ಕ ರೇಟಿಂಗ್. ತೀರಾ ಕೆಳಗೆ, ತಿಳಿ ಬೂದು ಬಣ್ಣದಲ್ಲಿ, ಶಾಲೆಗಳು ಬದಲಾಗಬಹುದು, ಖರೀದಿದಾರರೇ ವಿಚಾರಿಸಿಕೊಳ್ಳಬೇಕು ಅಂತ ಒಂದು ಸಾಲು. ಕ್ಲೋಸಿಂಗ್‌ಗೆ (ಮನೆ ನಮ್ಮ ಹೆಸರಿಗೆ ಆಗುವ ದಿನಕ್ಕೆ) ಎರಡು ತಿಂಗಳು ಇರುವಾಗ ಆ ಎಲಿಮೆಂಟರಿ ಶಾಲೆಗೆ ಕ್ಯಾಪ್ ಬಿತ್ತು. ಅಂದರೆ ಶಾಲೆ ತುಂಬಿತು, ಹೊಸದಾಗಿ ಬಂದವರಿಗೆ ಸೀಟ್ ಇಲ್ಲ, ಅವರನ್ನು ಓವರ್‌ಫ್ಲೋ ಅನ್ನೋ ಬದಲಿ ಶಾಲೆಗೆ ಕಳಿಸುತ್ತಾರೆ. ನಮಗೆ ಬಂದ ಓವರ್‌ಫ್ಲೋ ಶಾಲೆ ಬೆಳಗಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ದೂರ. ಬಿಲ್ಡರ್ ಹತ್ತಿರ ಕೇಳಿದರೆ ಅದೇ ಬೂದು ಸಾಲು ತೋರಿಸಿದರು. ಬಿಟ್ಟು ಬಂದೆವು. 12 ಸಾವಿರದ ಹತ್ತಿರ ಡೆಪಾಸಿಟ್ ಹೋಯಿತು. ಆ ವರ್ಷ ಊರಿಗೆ ಹೋಗುವುದು ಅಲ್ಲಿಗೇ ನಿಂತಿತು.

ಅಲ್ಲಿಂದ ನಾನು ಶಾಲೆಯ ಹೆಸರು ನೋಡುವುದನ್ನೇ ಬಿಟ್ಟೆ. ನೋಡ್ (node) ನೋಡತೊಡಗಿದೆ. ಅದೇನು ಅಂತ ಹೇಳುತ್ತೇನೆ.

ವೇಕ್‌ನಲ್ಲಿ ಊರಿಗೊಂದು ಶಾಲಾ ಜಿಲ್ಲೆ ಇಲ್ಲ. 1976ರಲ್ಲಿ ರಾಲಿ ಊರಿನ ಶಾಲೆಗಳನ್ನೂ ಕೌಂಟಿ ಶಾಲೆಗಳನ್ನೂ ಸೇರಿಸಿದ ಮೇಲೆ ಇಡೀ ಕೌಂಟಿಗೆ ಒಂದೇ. ಒಂದೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳು. ಕೌಂಟಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ಅದೇ ನೋಡ್. ಹೊಸ ಶಾಲೆ ಬಂದಾಗ ಒಂದೊಂದೇ ಮನೆ ಎತ್ತಿ ಹಾಕಲ್ಲ, ನೋಡ್ ಪೂರ್ತಿ ಎತ್ತಿ ಇನ್ನೊಂದು ಶಾಲೆಗೆ ಹಾಕುತ್ತಾರೆ. ಒಂದೇ ಲೇಔಟ್, ಒಂದೇ ಈಜುಕೊಳ, ಆದರೆ ಮೊದಲ ಫೇಸ್ (ಮೊದಲ ಹಂತದಲ್ಲಿ ಕಟ್ಟಿದ ಮನೆಗಳು) ಒಂದು ನೋಡ್, ಮೂರನೇ ಫೇಸ್ ಇನ್ನೊಂದು ನೋಡ್ ಆಗಿರಬಹುದು. ಸೇಲ್ಸ್ ಆಫೀಸಿನಲ್ಲಿ ಇಡೀ ಲೇಔಟಿಗೆ ಒಂದೇ ಶಾಲೆ ಹೇಳುತ್ತಾರೆ.

ಕ್ಯಾರಿ ಅಡ್ರೆಸ್ ಇದೆ ಅಂತ ಖುಷಿಪಡುವವರಿಗೆ ಒಂದು ಮಾತು. ಕ್ಯಾರಿಯ ಪಶ್ಚಿಮದ ಅಂಚು ಚ್ಯಾಥಮ್ ಕೌಂಟಿಯೊಳಗೆ ಹೋಗಿದೆ. ಅಲ್ಲಿ ಮನೆ ತಗೊಂಡರೆ ನಿಮ್ಮದು ಚ್ಯಾಥಮ್ ಶಾಲೆ, ವೇಕ್‌ದಲ್ಲ. ಅದು ಚೆನ್ನಾಗಿಲ್ಲ ಅಂತಲ್ಲ, ಗೊತ್ತಿದ್ದು ತಗೊಳ್ಳಿ ಅಷ್ಟೇ.

ನನ್ನ ವಿಧಾನ ಇಷ್ಟೇ. ಒಳ್ಳೇ ಶಾಲೆ ಸಿಗುತ್ತೆ ಅಂತ ನಂಬಿ ಬೆಲೆ ಕೊಡಬಾರದು. ಓವರ್‌ಫ್ಲೋ ಶಾಲೆಯೇ ಗತಿ ಅಂತ ಅಂದುಕೊಂಡು ಬೆಲೆ ಕಟ್ಟಬೇಕು. ಆಮೇಲೆ ಬೇಸ್ ಶಾಲೆ ಉಳಿಯುವ ಸಾಧ್ಯತೆ ಜಾಸ್ತಿ ಇರುವ ನೋಡ್ ಹುಡುಕಬೇಕು. ಮೊದಲನೆಯದು ಗುಣಾಕಾರ, ಎರಡನೆಯದಕ್ಕೆ ಕಣ್ಣು ಮತ್ತು ತಾಳ್ಮೆ ಬೇಕು.

ನೋಡ್ ಹುಡುಕಲು ನನಗೆ ತುಂಬಾ ಕೆಲಸಕ್ಕೆ ಬಂದಿದ್ದು ಕೌಂಟಿಯ ಐಮ್ಯಾಪ್ಸ್ ಅನ್ನೋ ಆನ್‌ಲೈನ್ ನಕ್ಷೆ. ಹಿಂದಿನ ವರ್ಷಗಳ ಏರಿಯಲ್ ಫೋಟೋ ಅದರಲ್ಲಿ ಇವೆ. ಶಾಲೆಯ ಜಿಮ್ ಹಿಂದೆ ಸಾಲಾಗಿ ಬಿಳಿ ಆಯತಗಳು ಕಂಡರೆ ಅವು ಕಟ್ಟಡದಲ್ಲಿ ಜಾಗ ಸಾಲದಾಗ ತಂದಿಡುವ ಟ್ರೇಲರ್ ಕ್ಲಾಸ್‌ರೂಮುಗಳು. ಅವಕ್ಕೆ ಕಟ್ಟಡದಷ್ಟು ನೆರಳು ಬೀಳಲ್ಲ, ಅದರಿಂದಲೇ ಗುರುತು ಹಿಡಿಯಬಹುದು. ಒಂದೊಂದು ವರ್ಷದ ಫೋಟೋ ತೆಗೆದು ಎಣಿಸಿದೆ. ಟ್ರೇಲರ್ ಹೆಚ್ಚುತ್ತಾ ಹೋಗುವ ಶಾಲೆಗೆ ಇವತ್ತಲ್ಲ ನಾಳೆ ಕ್ಯಾಪ್ ಬೀಳುತ್ತೆ, ಇಲ್ಲಾ ಸುತ್ತಲಿನ ನೋಡ್‌ಗಳನ್ನು ಎತ್ತುತ್ತಾರೆ. ಟ್ರೇಲರ್ ಬಂದು ಮತ್ತೆ ಕಡಿಮೆಯಾಗಿದೆ ಅಂದರೆ ಹತ್ತಿರದಲ್ಲಿ ಹೊಸ ಶಾಲೆ ತೆರೆದು ಭಾರ ಇಳಿದಿದೆ ಅಂತ ಅರ್ಥ. ನನಗೆ ಬೇಕಾಗಿದ್ದು ಈ ಎರಡನೇ ಥರದ ಶಾಲೆ. ಇದನ್ನು ಯಾವ ಏಜೆಂಟೂ ನನಗೆ ಹೇಳಿಕೊಡಲಿಲ್ಲ.

ಎರಡನೆಯದು ಇನ್ನೂ ಕಟ್ಟದ ಮನೆಗಳ ಲೆಕ್ಕ. ಒಪ್ಪಿಗೆ ಸಿಕ್ಕಿರುವ ಸೈಟ್ ಪ್ಲಾನ್‌ಗಳು ಟೌನ್‌ನವರ ಹತ್ತಿರ ಇರುತ್ತವೆ. ಪಕ್ಕದ ಜಾಗಗಳಲ್ಲಿ ಎಷ್ಟು ಮನೆ ಬರಲಿವೆ ಅಂತ ಕೂಡಿದೆ. ನಮ್ಮವರು ಜಾಸ್ತಿ ಇರುವ ಲೇಔಟ್‌ಗಳಲ್ಲಿ ಹತ್ತು ಮನೆಗೆ ಏಳು ಎಲಿಮೆಂಟರಿ ಮಕ್ಕಳು ಅಂತ ಇಟ್ಟುಕೊಂಡೆ. ಇದು ಪುಸ್ತಕದ ಲೆಕ್ಕ ಅಲ್ಲ, ಬಾಡಿಗೆಗೆ ಇದ್ದ ಕಡೆ ಬಸ್ ಸ್ಟಾಪಿನಲ್ಲಿ ನಿಂತು ಎಣಿಸಿದ್ದು. ಗಂಡ ಹೆಂಡತಿ ಇಬ್ಬರೂ ಆರ್‌ಟಿಪಿಯಲ್ಲಿ (ರಿಸರ್ಚ್ ಟ್ರಯಾಂಗಲ್ ಪಾರ್ಕ್, ಇಲ್ಲಿನ ಕಂಪನಿಗಳ ಪ್ರದೇಶ) ಕೆಲಸ ಮಾಡುವ ವಯಸ್ಸಿನವರು, ಮನೆ ತಗೊಳ್ಳುವುದೇ ಮಗು ಶಾಲೆಗೆ ಸೇರುವ ಹೊತ್ತಿಗೆ. ಹಾಗಾಗಿ ಇಂಥ ಕಡೆ ಮಕ್ಕಳು ಜಾಸ್ತಿ ಇದ್ದೇ ಇರುತ್ತಾರೆ. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ ಶನಿವಾರ ಹೋದಾಗ ಯಾರು ಯಾವ ಲೇಔಟ್‌ನಲ್ಲಿ ಬುಕ್ ಮಾಡಿದರು ಅಂತಲೂ ವಿಚಾರಿಸುತ್ತಿದ್ದೆ. ಟೌನ್ ಪ್ಲಾನ್‌ನಲ್ಲಿ ಸಿಗದ ಸುದ್ದಿ ಪ್ರಸಾದದ ಸಾಲಿನಲ್ಲಿ ಸಿಗುತ್ತೆ.

ಮೂರನೆಯದು ಜಾಗದ ಖರೀದಿ. ಹೊಸ ಶಾಲೆಗೆ ಜಮೀನು ತಗೊಳ್ಳುವ ಮಾತು ಶಾಲಾ ಬೋರ್ಡ್‌ನಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯುತ್ತೆ. ಆದರೆ ದುಡ್ಡಿಗೆ ಕೌಂಟಿ ಕಮಿಷನರ್‌ಗಳ ಒಪ್ಪಿಗೆ ಬೇಕು. ಆಗ ವಿಷಯ ಹೊರಗೆ ಬರುತ್ತೆ. ಅದನ್ನು ಬೇರೆಯವರಿಗಿಂತ ಬೇಗ ಗಮನಿಸಲು ನನ್ನದೊಂದು ದಾರಿ ಇದೆ. ಅದನ್ನು ಇಲ್ಲಿ ಬರೆಯಲ್ಲ, ಮಿಡಲ್ ಸ್ಕೂಲಿಗೆ ನನಗೇ ಇನ್ನೊಮ್ಮೆ ಬೇಕು.

ಈ ಹುಡುಕಾಟದಲ್ಲಿ ಹೈಸ್ಕೂಲಿನ ಕಡೆಗೂ ಹೋದೆ. ಏಪೆಕ್ಸ್ ಫ್ರೆಂಡ್‌ಶಿಪ್ 2015ರಲ್ಲಿ ತೆರೆಯಿತು, ಗ್ರೀನ್ ಲೆವೆಲ್ 2019ರಲ್ಲಿ. ಇಂಥ ಶಾಲೆ ಬಂದಾಗೆಲ್ಲ ಸುತ್ತಲಿನ ಗಡಿ ಅಲುಗಾಡುತ್ತೆ. ಮಗಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಇನ್ನೆಷ್ಟು ಬದಲಾಗುತ್ತೋ. ಅಷ್ಟು ಮುಂದಿನದಕ್ಕೆ ಈಗ ದುಡ್ಡು ಸುರಿಯುವುದು ದಂಡ ಅನ್ನಿಸಿತು. ಎಲಿಮೆಂಟರಿಗೆ ಮಾತ್ರ ಲೆಕ್ಕ ಹಾಕಿದೆ.

ಕೊನೆಗೆ ಸಿಕ್ಕಿದ್ದು ಒಂದು ಲೇಔಟಿನ ಮೊದಲ ಫೇಸ್. ಶಾಲೆ ಅರ್ಧ ಮೈಲಿಯೊಳಗೆ. ಶಾಲೆಗೆ ಅಂಟಿಕೊಂಡ ನೋಡ್ ಎತ್ತಿದರೆ ನಡೆದು ಬರುವ ಮಕ್ಕಳಿಗೂ ಬಸ್ ಓಡಿಸಬೇಕಾಗುತ್ತೆ. ಡ್ರೈವರ್‌ಗಳೇ ಸಾಲದ ಕಾಲದಲ್ಲಿ ಹಾಗೆ ಮಾಡಲ್ಲ ಅಂತ ನನ್ನ ಊಹೆ. ಆ ನೋಡ್‌ನಲ್ಲಿ ಇನ್ನು ಕಟ್ಟಲು ಜಾಗವೂ ಅಷ್ಟಿರಲಿಲ್ಲ.

ಆದರೆ ಆ ನೋಡ್‌ನಲ್ಲಿ ಉಳಿದಿದ್ದ ಲಾಟ್‌ಗಳೆಲ್ಲ, ಅಂದರೆ ಸೈಟುಗಳೆಲ್ಲ, ಪಶ್ಚಿಮಕ್ಕೆ ಬಾಗಿಲು ಬರುವವು. ಪೂರ್ವ, ಉತ್ತರದ ಲಾಟ್‌ಗಳನ್ನು ನಮ್ಮವರೇ ಮೊದಲ ವಾರಾಂತ್ಯದಲ್ಲಿ ಖಾಲಿ ಮಾಡಿದ್ದರು, ಒಂದೊಂದಕ್ಕೆ 15, 20 ಸಾವಿರ ಪ್ರೀಮಿಯಂ ಕೊಟ್ಟು. ದಾವಣಗೆರೆಗೆ ಫೋನ್ ಮಾಡಿದೆ. "ಪಶ್ಚಿಮದ ಬಾಗಿಲಾ? ಬ್ಯಾಡಪ್ಪ, ಇನ್ನೊಂದ್ ನೋಡು" ಅಂದರು ಅಪ್ಪ. ಫ್ಲೋರ್ ಪ್ಲಾನನ್ನು ನಮ್ಮ ಜೋಯಿಸರಿಗೆ ವಾಟ್ಸಾಪ್ ಮಾಡಿದೆ. ಬಾಗಿಲು ಗೋಡೆಯ ನಡುವಿಗೆ ಬರುತ್ತೆ, ಅಡ್ಡಿಯಿಲ್ಲ ಅಂದರು. ಅಪ್ಪನೂ ಒಪ್ಪಿದರು. ಯಾರಿಗೂ ಬೇಡವಾಗಿದ್ದ ಲಾಟ್ ನನಗೆ ಪ್ರೀಮಿಯಂ ಇಲ್ಲದೆ ಸಿಕ್ಕಿತು. ಶಾಲೆಗೆ ಎಲ್ಲಕ್ಕಿಂತ ಹತ್ತಿರದ ಲಾಟ್ ಅದೇ.

ಈಗ ದುಡ್ಡು. 2023ರ ಅಕ್ಟೋಬರ್, ಬಡ್ಡಿ ಶೇಕಡಾ 8ರ ಹತ್ತಿರ ಹೋಗಿತ್ತು. ಬಿಲ್ಡರ್‌ಗಳ ಆಫೀಸು ಖಾಲಿ ಹೊಡೆಯುತ್ತಿತ್ತು. ಮನೆ ಬೆಲೆ ಅಪ್‌ಗ್ರೇಡ್ ಸೇರಿ 6 ಲಕ್ಷ 40 ಸಾವಿರ ಡಾಲರ್ ಆಸುಪಾಸು. ನಾನು ಒಂದು ಹಾಳೆ ಬರೆದುಕೊಂಡು ಹೋದೆ. ಓವರ್‌ಫ್ಲೋ ಶಾಲೆ ಸಿಕ್ಕರೆ ಆಫ್ಟರ್ ಸ್ಕೂಲ್ ಕೇರ್ ತಿಂಗಳಿಗೆ 450, ಐದು ವರ್ಷಕ್ಕೆ 27 ಸಾವಿರ. ಇದಿಷ್ಟು ಇಳಿಸಿ ಅಂದೆ. ಮೂಲ ಬೆಲೆ ಒಂದು ಡಾಲರ್ ಇಳಿಸಲ್ಲ ಅಂದರು. ಇಳಿಸಿದರೆ ಮುಂದಿನ ಫೇಸಿನ ಮನೆಗಳ ಅಪ್ರೈಸಲ್ (ಸಾಲಕ್ಕಾಗಿ ಕಟ್ಟುವ ಬೆಲೆ) ಕೆಡುತ್ತೆ, ಅದು ಅವರ ಕಷ್ಟ. ಅದಕ್ಕೇ ಬೆಲೆ ಬಿಟ್ಟು ಬೇರೆ ಕಡೆಯಿಂದ ಕೇಳಿದೆ. ಕ್ಲೋಸಿಂಗ್ ಖರ್ಚಿಗೆ 10 ಸಾವಿರ ಕೊಟ್ಟರು. ಅವರ ಲೆಂಡರ್, ಅಂದರೆ ಸಾಲ ಕೊಡುವ ಕಂಪನಿ, ಮೂಲಕ ಬಡ್ಡಿಯನ್ನು 6ರೊಳಗೆ ಇಳಿಸಿದರು. ಫ್ರಿಜ್, ವಾಷರ್, ಬ್ಲೈಂಡ್ಸ್ ಹಾಕಿಸಿದರು. ಒಟ್ಟು 28 ಸಾವಿರ ದಾಟಿತು ಅಂತ ನೆನಪು. ತಿಂಗಳ ಕೊನೆಗೆ, ಅದರಲ್ಲೂ ಕ್ವಾರ್ಟರ್ ಕೊನೆಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇರೆ ಒಂದು ದಿನ ಹೋದೆ, ಅದಕ್ಕೆ ಕಾರಣ ಇತ್ತು. ಅದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಟ್ಟುವಾಗ ಡ್ರೈವಾಲ್ (ಒಳಗೋಡೆ ಮುಚ್ಚುವ ಹಲಗೆ) ಹಾಕುವ ಮುಂಚೆ ನನ್ನದೇ ಇನ್ಸ್‌ಪೆಕ್ಟರ್ ಕರೆಸಿದೆ, 400 ಚಿಲ್ಲರೆ. ಮೇಲಿನ ಬಾತ್‌ರೂಮಿನ ಕೆಳಗೆ ಪ್ಲಂಬರ್ ಪೈಪಿಗೋಸ್ಕರ ನೆಲ ಹೊರುವ ಮರದ ತೊಲೆಯೊಂದನ್ನು ಅರ್ಧಕ್ಕೆ ಕೊಯ್ದಿದ್ದ. ಫೋಟೋ ತೆಗೆದು ಕಳಿಸಿದ ಮೇಲೆ ಪಕ್ಕಕ್ಕೆ ಇನ್ನೊಂದು ಹಲಗೆ ಕೂರಿಸಿದರು. ಡ್ರೈವಾಲ್ ಮುಚ್ಚಿದ ಮೇಲೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇದಕ್ಕೆ ಜಿಪುಣತನ ಮಾಡಬೇಡಿ.

ಶಾಲೆ ಇಯರ್-ರೌಂಡ್, ಅಂದರೆ ವರ್ಷವಿಡೀ ನಡೆಯುವಂಥದ್ದು. ಮಕ್ಕಳನ್ನು ನಾಲ್ಕು ಟ್ರ್ಯಾಕ್ ಅನ್ನೋ ಗುಂಪು ಮಾಡಿ ಬೇರೆ ಬೇರೆ ಸಮಯಕ್ಕೆ ರಜೆ ಕೊಡುತ್ತಾರೆ. ಜುಲೈನಲ್ಲೇ ಶುರು. ಮನೆ ಏಪ್ರಿಲ್‌ಗೆ ಅಂದವರು ಜೂನ್‌ಗೆ ಎಳೆದರು. ಅಪಾರ್ಟ್‌ಮೆಂಟ್‌ನಲ್ಲಿ ತಿಂಗಳ ಬಾಡಿಗೆಗೆ ಹೆಚ್ಚುವರಿ 300 ಕೊಟ್ಟುಕೊಂಡು ಕೂತೆವು. ಕ್ಲೋಸಿಂಗ್ ತಡವಾದಷ್ಟೂ ನಮ್ಮ ನೋಂದಣಿಯೂ ತಡ, ಅಷ್ಟರಲ್ಲಿ ಕ್ಯಾಪ್ ಬಿದ್ದರೆ ಮೊದಲಿನ ಕಥೆಯೇ. ಲಾಯರ್ ಆಫೀಸಿನಿಂದ ಕ್ಲೋಸಿಂಗ್ ಪೇಪರ್ ಕೈಗೆ ಬಂದ ಮಧ್ಯಾಹ್ನವೇ ನೋಂದಣಿ ಹಾಕಿದೆ. ಪೀಠೋಪಕರಣ ಇನ್ನೂ ಟ್ರಕ್ಕಿನಲ್ಲಿತ್ತು. ಸೀಟ್ ಬೇಸ್ ಶಾಲೆಯಲ್ಲೇ ಸಿಕ್ಕಿತು. ಎಲ್ಲರೂ ಬಯಸುವ ಟ್ರ್ಯಾಕ್ 4 ಸಿಗಲಿಲ್ಲ, ಟ್ರ್ಯಾಕ್ 2 ಬಂತು. ಮೂರು ವಾರದ ರಜೆಗಳು ವರ್ಷದ ನಡುವೆ ಬರುತ್ತವೆ, ಅತ್ತೆ ಬಂದಾಗ ಅನುಕೂಲವೇ ಆಯಿತು.

ನಿಜವಾದ ಪರೀಕ್ಷೆ ಆ ವರ್ಷ ಯಾವ ನೋಡ್ ಯಾವ ಶಾಲೆಗೆ ಅನ್ನೋ ಡ್ರಾಫ್ಟ್ ಪ್ಲಾನ್ ಬಂದಾಗ. ಮೊದಲು ಕರಡು ಬರುತ್ತೆ, ಜನ ಅಭಿಪ್ರಾಯ ಬರೆಯುತ್ತಾರೆ, ಆಮೇಲೆ ಬೋರ್ಡ್ ಮತ ಹಾಕುತ್ತೆ. ನಮ್ಮ ಲೇಔಟಿನ ವಾಟ್ಸಾಪ್ ಗುಂಪು ಹೊತ್ತಿ ಉರಿಯಿತು. ಮೂರನೇ ಫೇಸಿನ ನೋಡ್ ಬೇರೆ ಶಾಲೆಗೆ ಹೋಯಿತು. ನಮ್ಮದು ಅಲ್ಲಾಡಲಿಲ್ಲ. ಆ ಕಡೆ ಪೂರ್ವದ ಬಾಗಿಲಿಗೆ 20 ಸಾವಿರ ಕೊಟ್ಟವರ ಸಂಕಟ ನೋಡಿ ನನಗೂ ಬೇಜಾರಾಯಿತು. ಅವರ ಪರವಾಗಿ ನಾನೂ ಬೋರ್ಡ್‌ಗೆ ಬರೆದೆ. ಈಗಾಗಲೇ ಓದುತ್ತಿರುವ ಮಕ್ಕಳು ಅದೇ ಶಾಲೆಯಲ್ಲಿ ಮುಂದುವರಿಯಬಹುದು, ಆದರೆ ಬಸ್ ಇಲ್ಲ ಅಂತಾಯಿತು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಬಸ್ ಇಲ್ಲ ಅಂದರೆ ಅರ್ಧ ಶಾಲೆ ಇಲ್ಲ ಅಂದ ಹಾಗೆ ಅಲ್ವಾ? ನಮ್ಮ ಕಾರಿನಲ್ಲಿ ಈಗ ಅಲ್ಲಿನ ಇಬ್ಬರು ಮಕ್ಕಳನ್ನು ಮಧ್ಯಾಹ್ನ ಕರೆತರುತ್ತೇವೆ.

ಹೊಸ ಮನೆಯವರಿಗೆ ತೆರಿಗೆಯ ವಿಷಯ ಒಂದು ಬಾಕಿ. ವೇಕ್‌ನಲ್ಲಿ ಜನವರಿ 1ರಂದು ಏನು ನಿಂತಿದೆಯೋ ಅದಕ್ಕೆ ತೆರಿಗೆ. 2024ರ ಜನವರಿಯಲ್ಲಿ ನಮ್ಮದು ಬರೀ ಬುನಾದಿ. ಮೊದಲ ವರ್ಷದ ಬಿಲ್ ಸಾವಿರ ಚಿಲ್ಲರೆ ಬಂತು. ಲೆಂಡರ್ ಅದನ್ನೇ ಹಿಡಿದು ಎಸ್ಕ್ರೋ, ಅಂದರೆ ತೆರಿಗೆಗೆ ಅಂತ ತಿಂಗಳ ಕಂತಿನಲ್ಲಿ ಹಿಡಿದಿಡುವ ದುಡ್ಡಿನ, ಲೆಕ್ಕ ಹಾಕಿದರು. ಮುಂದಿನ ವರ್ಷ ಪೂರ್ತಿ ಮನೆಗೆ ಐದೂವರೆ ಸಾವಿರದ ಹತ್ತಿರ ಬಂದಾಗ ಅಕ್ಕಪಕ್ಕದವರ ತಿಂಗಳ ಕಂತು 600, 700 ಏರಿತು. ನಾನು ಕ್ಲೋಸಿಂಗ್ ಆದ ತಿಂಗಳಿಂದಲೇ 350 ಬೇರೆ ಖಾತೆಗೆ ಹಾಕುತ್ತಾ ಬಂದಿದ್ದೆ. ಕೊರತೆ ಒಂದೇ ಸಲ ಕಟ್ಟಿ ಮುಗಿಸಿದೆ. ನಿಮ್ಮ ಕ್ಲೋಸಿಂಗ್ ಪೇಪರ್‌ನಲ್ಲಿ ತೆರಿಗೆಯ ಸಾಲು ನೋಡಿ. ಅದು ಬರೀ ಜಾಗದ ಮೇಲಿನದ್ದಾದರೆ ಇವತ್ತಿಂದಲೇ ಎತ್ತಿಡಿ.